ಟೈಟಾನಿಕ್ ಕಥೆ ಬರೆದ ವಾಲ್ಟರ್ ಲಾರ್ಡ್‌ರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಟೈಟಾನಿಕ್ ಬಗ್ಗೆ ಎಷ್ಟೇ ಪುಸ್ತಕ ಬಂದರೂ ವಾಲ್ಟರ್ ಲಾರ್ಡ್ ಬರೆದದ್ದೇ ಮೊದಲು ಓದಬೇಕಾದದ್ದು ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅವರು ಹಡಗಿನಲ್ಲಿ ದುಡಿದವರಲ್ಲ, ಕಾಲೇಜಿನಲ್ಲಿ ಇತಿಹಾಸ ಕಲಿಸಿದವರೂ ಅಲ್ಲ, ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದವರಂತೆ. ಹಾಗಾದರೆ ಇದು ಅವರಿಂದ ಹೇಗೆ ಸಾಧ್ಯವಾಯಿತು? ಅವರು ಬರೆದದ್ದನ್ನು ಇತಿಹಾಸವೆಂದು ನಂಬಬಹುದೇ, ಇಲ್ಲ ಕಾದಂಬರಿಯ ಹಾಗೆ ಓದಿ ಮರೆಯಬೇಕೇ? ನಮ್ಮಜ್ಜ ಮಂಜಿ ಎಂಬ ಹಾಯಿಹಡಗಿನಲ್ಲಿ ತಾಂಡೇಲರು, ಅಂದರೆ ನಾವಿಕರ ಮುಖ್ಯಸ್ಥರು, ಆಗಿದ್ದವರು. ಆ ಕಾಲದ ಬಗ್ಗೆ ಏನಾದರೂ ಬರೆಯಬೇಕೆಂಬ ಆಸೆ ನನಗೂ ಇದೆ. ಅದಕ್ಕೇ ಕೇಳುತ್ತಿದ್ದೇನೆ.
– ಕುಂದಾಪುರದ ಓದುಗರೊಬ್ಬರು

ಉತ್ತರ: ನಂಬಬಹುದು, ಆದರೆ ಯಾವುದಕ್ಕೆ ಎಷ್ಟು ನಂಬಬೇಕು ಎಂಬ ಲೆಕ್ಕ ಇಟ್ಟುಕೊಂಡು ನಂಬಬೇಕು. ಆ ರಾತ್ರಿ ಹಡಗಿನಲ್ಲಿದ್ದ ಜನ ಏನು ಕಂಡರು, ಏನು ಆಡಿದರು, ಏನು ಮಾಡಿದರು ಎಂಬುದಕ್ಕೆ ಲಾರ್ಡ್ ಪುಸ್ತಕದಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಹಡಗಿನ ಉಕ್ಕಿಗೆ ಏನಾಯಿತು ಎಂದು ತಿಳಿಯಲು ಮಾತ್ರ ಅದರ ನಂತರದ ಪುಸ್ತಕಗಳನ್ನೂ ನೋಡಬೇಕು. ಹೀಗೇಕೆ ಎಂಬುದು ಅವರ ಬದುಕನ್ನು, ಅವರು ಕೆಲಸ ಮಾಡಿದ ರೀತಿಯನ್ನು ನೋಡಿದರೆ ತಾನಾಗಿಯೇ ಗೊತ್ತಾಗುತ್ತದೆ. ನೀವು ಬರೆಯಬೇಕೆಂದಿರುವ ವಿಷಯಕ್ಕೂ ಅದರಿಂದ ಉಪಯೋಗವಿದೆ.

ವಾಲ್ಟರ್ ಲಾರ್ಡ್ ಹುಟ್ಟಿದ್ದು 1917ರ ಅಕ್ಟೋಬರ್ 8ರಂದು, ಅಮೆರಿಕದ ಬಂದರು ಪಟ್ಟಣ ಬಾಲ್ಟಿಮೋರ್‌ನಲ್ಲಿ. ತಂದೆ ವಕೀಲರು, ಮಗನಿಗೆ ಮೂರು ವರ್ಷವಾಗಿದ್ದಾಗಲೇ ತೀರಿಕೊಂಡರು. ತಾಯಿಯ ತಂದೆ 1890ರ ದಶಕದಲ್ಲಿ ಬಾಲ್ಟಿಮೋರ್ ಸ್ಟೀಮ್ ಪ್ಯಾಕೆಟ್ ಕಂಪನಿಯ ಅಧ್ಯಕ್ಷರಾಗಿದ್ದವರು. ಆ ಕಂಪನಿಯ ಉಗಿಹಡಗುಗಳು ಚೆಸಾಪೀಕ್ ಕೊಲ್ಲಿಯಲ್ಲಿ ಓಡಾಡುತ್ತಿದ್ದವು. ಹಾಗಾಗಿ ಹಡಗಿನ ಮಾತು ಮನೆಯೊಳಗೆ ಹೊಸದೇನೂ ಆಗಿರಲಿಲ್ಲ. 1926ರಲ್ಲಿ ತಾಯಿ ಮತ್ತು ಅಕ್ಕನ ಜೊತೆ ಹುಡುಗ ಅಟ್ಲಾಂಟಿಕ್ ದಾಟಿದ. ಅವರು ಹತ್ತಿದ್ದು ಒಲಿಂಪಿಕ್ ಎಂಬ ಹಡಗು. ಅದು ಟೈಟಾನಿಕ್‌ನ ಜೋಡಿ: ಬೆಲ್‌ಫಾಸ್ಟ್‌ನ ಅದೇ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ, ಹೆಚ್ಚುಕಡಿಮೆ ಅದೇ ನಕ್ಷೆಯ ಮೇಲೆ ಕಟ್ಟಿದ್ದು. ಹುಡುಗ ಅದರ ಡೆಕ್ಕು, ಮೆಟ್ಟಿಲು, ಮೊಗಸಾಲೆಗಳಲ್ಲೆಲ್ಲ ಸುತ್ತಾಡಿದ. ಇಷ್ಟು ದೊಡ್ಡದು ಮುಳುಗುವುದಾದರೂ ಹೇಗೆ ಎಂಬ ಯೋಚನೆ ಅಲ್ಲಿಯೇ ತಲೆಗೆ ಹೊಕ್ಕಿತು. ಆಮೇಲೆ ಅದು ಬಿಡಲಿಲ್ಲ.

ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ 1939ರಲ್ಲಿ ಪದವಿ ಪಡೆದರು. ಯೇಲ್‌ನಲ್ಲಿ ಕಾನೂನು ಓದುತ್ತಿದ್ದಾಗ ಮಹಾಯುದ್ಧ ಬಂತು. ಅಮೆರಿಕದ ಯುದ್ಧಕಾಲದ ಬೇಹುಗಾರಿಕೆ ಸಂಸ್ಥೆಯಾದ ಓ.ಎಸ್.ಎಸ್.ನಲ್ಲಿ ಗುಪ್ತಲಿಪಿ ಗುಮಾಸ್ತರಾಗಿ ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಲಂಡನ್ ಕಚೇರಿಯಲ್ಲಿದ್ದರು. ಮರಳಿ ಬಂದು 1946ರಲ್ಲಿ ಕಾನೂನು ಪದವಿ ಮುಗಿಸಿದರೂ ವಕೀಲಿಕೆಗೆ ಇಳಿಯಲಿಲ್ಲ. ನ್ಯೂಯಾರ್ಕ್‌ಗೆ ಹೋಗಿ ಬರವಣಿಗೆಯ ಕೆಲಸ ಹಿಡಿದರು. ಕೊನೆಗೆ ಜೆ. ವಾಲ್ಟರ್ ಥಾಮ್ಸನ್ ಎಂಬ ದೊಡ್ಡ ಜಾಹೀರಾತು ಸಂಸ್ಥೆಯಲ್ಲಿ ಕಾಪಿರೈಟರ್ ಆದರು. ನೀವು ಕೇಳಿದ ಜಾಹೀರಾತಿನ ನೌಕರಿ ಇದೇ.

ಈ ಮೂರು ಅನುಭವಗಳೂ ಒಟ್ಟಿಗೆ ಕೆಲಸಕ್ಕೆ ಬಂದವು. ಸಾಕ್ಷಿಯ ಮಾತನ್ನು ಕೇಳಿದ ಕೂಡಲೇ ಒಪ್ಪಬಾರದು, ಇನ್ನೊಬ್ಬ ಸಾಕ್ಷಿಯ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು ಎಂಬುದನ್ನು ಕಾನೂನು ಕಲಿಸಿತು. ಚದುರಿದ ಚೂರುಪಾರು ಮಾಹಿತಿಯನ್ನು ಜೋಡಿಸುವ ತಾಳ್ಮೆ ಯುದ್ಧಕಾಲದ ಕಚೇರಿಯಿಂದ ಬಂತು. ಇನ್ನು ಜಾಹೀರಾತು? ಓದುಗ ಮುಂದಿನ ಸಾಲಿಗೆ ಹೋಗದೆ ಎದ್ದುಹೋದರೆ ಬರೆದದ್ದೆಲ್ಲ ದಂಡ ಎಂಬ ಭಯವನ್ನು ಅದು ಹುಟ್ಟಿಸಿತು. ಪ್ರಾಧ್ಯಾಪಕರಿಗೆ ಆ ಭಯ ಅಷ್ಟಾಗಿ ಇರುವುದಿಲ್ಲ.

ಅವರ ಹೆಸರಿನಲ್ಲಿ ಮೊದಲು ಬಂದ ಪುಸ್ತಕಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ. ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ ದಕ್ಷಿಣದ ಸೈನ್ಯದ ಜೊತೆ ತಿರುಗಾಡಿದ ಆರ್ಥರ್ ಫ್ರೀಮ್ಯಾಂಟಲ್ ಎಂಬ ಬ್ರಿಟಿಷ್ ಅಧಿಕಾರಿಯ ದಿನಚರಿಯನ್ನು ಸಂಪಾದಿಸಿ 1954ರಲ್ಲಿ ಹೊರತಂದರು. ಸ್ಥಳದಲ್ಲಿದ್ದವನ ಮಾತಿಗಿರುವ ಬೆಲೆ ಎಷ್ಟೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎನ್ನಲು ಆ ಆಯ್ಕೆಯೇ ಸಾಕು. ಅದರ ಮರುವರ್ಷವೇ, 1955ರ ನವೆಂಬರ್‌ನಲ್ಲಿ, ‘ಎ ನೈಟ್ ಟು ರಿಮೆಂಬರ್’ ಬಂತು.

ಆಗ ಟೈಟಾನಿಕ್ ಎಂಬುದು ಬಹುಮಟ್ಟಿಗೆ ಹಳೆಯ ಸುದ್ದಿಯಾಗಿತ್ತು. ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನಲ್ಲಿ. ಬದುಕಿ ಬಂದ ಲಾರೆನ್ಸ್ ಬೀಸ್ಲಿ ಎಂಬ ಶಾಲಾ ಮೇಷ್ಟರು ಅದೇ ವರ್ಷ ಒಂದು ಪುಸ್ತಕ ಬರೆದರು, ಅವರಂತೆಯೇ ಬದುಕುಳಿದಿದ್ದ ಆರ್ಚಿಬಾಲ್ಡ್ ಗ್ರೇಸಿಯವರ ಪುಸ್ತಕ 1913ರಲ್ಲಿ ಬಂತು. ಆಮೇಲೆ ಒಂದರ ಹಿಂದೊಂದು ಎರಡು ಮಹಾಯುದ್ಧಗಳು. ಲಕ್ಷಗಟ್ಟಲೆ ಜನ ಸತ್ತ ಮೇಲೆ ಸಾವಿರದೈನೂರು ಜನರ ಸಾವನ್ನು ಯಾರು ನೆನೆಯುತ್ತಾರೆ? 1953ರಲ್ಲಿ ಹಾಲಿವುಡ್ ಒಂದು ಸಿನಿಮಾ ಮಾಡಿತ್ತಾದರೂ ಅದರಲ್ಲಿ ಹಡಗಿಗಿಂತ ಗಂಡಹೆಂಡಿರ ಜಗಳವೇ ಹೆಚ್ಚು. ಮುಳುಗಿದ ರಾತ್ರಿಯನ್ನು ಆದಿಯಿಂದ ಅಂತ್ಯದವರೆಗೆ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ.

ಲಾರ್ಡ್ ಮಾಡಿದ್ದು ಕೇಳಲು ಬಹಳ ಸರಳ. ಬದುಕಿ ಉಳಿದವರನ್ನು ಹುಡುಕಿದರು. 1912ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ 1955ರ ಹೊತ್ತಿಗೆ ಅರವತ್ತು ದಾಟಿತ್ತು, ಅಷ್ಟೆ. ಹಗಲು ಜಾಹೀರಾತು ಕಚೇರಿ, ಉಳಿದ ಹೊತ್ತೆಲ್ಲ ಪತ್ರ ಬರೆಯುವುದು, ಹೋಗಿ ಭೇಟಿಯಾಗುವುದು. ಹೀಗೆ ಅವರು ಪತ್ತೆಹಚ್ಚಿ ಮಾತಾಡಿಸಿದವರು ಅರವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಮೊದಲ ದರ್ಜೆಯ ಶ್ರೀಮಂತರೂ ಇದ್ದರು, ಮೂರನೆಯ ದರ್ಜೆಯಲ್ಲಿ ಅಮೆರಿಕಕ್ಕೆ ಹೊಟ್ಟೆಪಾಡಿಗೆ ಹೊರಟವರೂ ಇದ್ದರು, ಹಡಗಿನ ಸಿಬ್ಬಂದಿಯೂ ಇದ್ದರು. ಇದರ ಜೊತೆಗೆ ಅಮೆರಿಕದ ಸೆನೆಟ್ ನಡೆಸಿದ ವಿಚಾರಣೆ, ಬ್ರಿಟನ್ನಿನಲ್ಲಿ ಲಾರ್ಡ್ ಮರ್ಸಿ ನಡೆಸಿದ ವಿಚಾರಣೆ, ಇವೆರಡರ ಸಾವಿರಾರು ಪ್ರಶ್ನೋತ್ತರಗಳನ್ನೂ ಓದಿದರು. ಎಲ್ಲರನ್ನೂ ಕೇಳುವ ಭಾಗ್ಯ ಅವರಿಗಿರಲಿಲ್ಲ. ಬದುಕುಳಿದ ಅಧಿಕಾರಿಗಳಲ್ಲಿ ಹಿರಿಯರಾದ ಸೆಕೆಂಡ್ ಆಫೀಸರ್ ಚಾರ್ಲ್ಸ್ ಲೈಟಾಲರ್ 1952ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಮೂರು ವರ್ಷದ ಅಂತರದಲ್ಲಿ ಒಬ್ಬ ಮುಖ್ಯ ಸಾಕ್ಷಿ ಕೈತಪ್ಪಿದ್ದರು; ಅವರದೇ ಆತ್ಮಕಥೆ ಮತ್ತು ವಿಚಾರಣೆಯ ಹೇಳಿಕೆಗಳೇ ಗತಿಯಾದವು.

ಪುಸ್ತಕ ತೆರೆದರೆ ಹಡಗಿನ ವೈಭವದ ವರ್ಣನೆ, ಕಂಪನಿಯ ಚರಿತ್ರೆ ಇವುಗಳಲ್ಲಿ ಹೊತ್ತು ಕಳೆಯುವುದಿಲ್ಲ. ಕಂಬದ ಮೇಲಿನ ಕಾವಲು ಗೂಡಿನಲ್ಲಿ ಫ್ರೆಡರಿಕ್ ಫ್ಲೀಟ್ ಕತ್ತಲೆ ದಿಟ್ಟಿಸುತ್ತಿದ್ದಾನೆ. ಎದುರಿಗೆ ಹಿಮಗಡ್ಡೆ ಕಾಣುತ್ತದೆ, ಮೂರು ಸಲ ಗಂಟೆ ಬಾರಿಸುತ್ತಾನೆ, ಫೋನೆತ್ತಿ ಕೆಳಗೆ ತಿಳಿಸುತ್ತಾನೆ. ಗಂಟೆ ರಾತ್ರಿ 11.40. ಅಲ್ಲಿಂದ 2.20ರವರೆಗಿನ ಎರಡು ಗಂಟೆ ನಲವತ್ತು ನಿಮಿಷ ಲೇಖಕರು ಓದುಗನನ್ನು ಹಡಗಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಲೇ ಇರುತ್ತಾರೆ. ಒಂದೇ ಢಿಕ್ಕಿ ಒಬ್ಬೊಬ್ಬರಿಗೆ ಒಂದೊಂದು ಥರ: ಮೇಲಿನ ಕೋಣೆಯವರಿಗೆ ಸಣ್ಣ ಅದುರು, ಬಾಯ್ಲರ್ ಕೋಣೆಯವರಿಗೆ ನುಗ್ಗಿಬಂದ ನೀರು, ಡೆಕ್ಕಿನ ಮೇಲೆ ಆಟವಾಡಲು ಸಿಕ್ಕ ಮಂಜುಗಡ್ಡೆಯ ಚೂರು. ಕೆಳಗೆ ಅಂಚೆ ಗುಮಾಸ್ತರು ಒದ್ದೆಯಾಗುತ್ತಿರುವ ಚೀಲಗಳನ್ನು ಮೇಲಿನ ಅಂತಸ್ತಿಗೆ ಎಳೆಯುತ್ತಿದ್ದಾರೆ. ಆ ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಯಾರಿಗೂ ಪೂರ್ತಿ ಚಿತ್ರ ಗೊತ್ತಿಲ್ಲ, ಓದುಗನಿಗೆ ಮಾತ್ರ ಗೊತ್ತು. ಪುಸ್ತಕದ ಬಿಗಿ ಇರುವುದು ಈ ಏರ್ಪಾಟಿನಲ್ಲಿ. ಸಂಭಾಷಣೆ ಕಲ್ಪಿಸಿ ಬಿಗಿ ತರುವ ಅಗತ್ಯ ಅವರಿಗೆ ಬೀಳಲಿಲ್ಲ. ಇರುವ ಸಂಗತಿಗಳನ್ನು ಗಡಿಯಾರದ ಮುಳ್ಳಿಗೆ ಕಟ್ಟಿದರು.

ಒಂದು ಉದಾಹರಣೆ ನೋಡಿ. ಹಡಗಿನ ಮುಖ್ಯ ಬ್ರೆಡ್ ಭಟ್ಟ ಚಾರ್ಲ್ಸ್ ಜಾಕಿನ್. ಜೀವರಕ್ಷಕ ದೋಣಿಗಳಲ್ಲಿ ತಿನ್ನಲು ಏನಾದರೂ ಇರಲಿ ಎಂದು ತನ್ನ ಕೈಕೆಳಗಿನ ಹದಿಮೂರು ಜನರ ಕೈಲಿ ತಲಾ ನಾಲ್ಕು ಬ್ರೆಡ್ ಕೊಟ್ಟು ಮೇಲಕ್ಕೆ ಕಳಿಸಿದರು. ಆಮೇಲೆ ಕೋಣೆಗೆ ಹೋಗಿ ಒಂದಿಷ್ಟು ಮದ್ಯ ಕುಡಿದರು. ಮತ್ತೆ ಮೇಲೆ ಬಂದು ಹೆಂಗಸರನ್ನು ದೋಣಿಗೆ ಹತ್ತಿಸಿದರು, ಹಿಡಿದುಕೊಳ್ಳಲು ಯಾರಿಗಾದರೂ ಆದೀತೆಂದು ಡೆಕ್ಕಿನ ಕುರ್ಚಿಗಳನ್ನು ನೀರಿಗೆ ಎಸೆದರು. ಹಡಗಿನ ಹಿಂಬದಿ ಮುಳುಗುವ ಕೊನೆಯ ಗಳಿಗೆಯವರೆಗೆ ಅದರ ಕಂಬಿ ಹಿಡಿದುಕೊಂಡು ನಿಂತಿದ್ದು, ತಲೆಕೂದಲು ಹೆಚ್ಚೇನೂ ಒದ್ದೆಯಾಗದಂತೆ ನೀರಿಗಿಳಿದರು. ಇದನ್ನು ಅವರೇ ಬ್ರಿಟಿಷ್ ವಿಚಾರಣೆಯಲ್ಲಿ ಹೇಳಿದ್ದು. ಅಧಿಕಾರಿಗಳ ವರದಿಯಲ್ಲಿ ಇಂಥ ಮನುಷ್ಯನಿಗೆ ಹೆಚ್ಚು ಜಾಗವಿರುವುದಿಲ್ಲ. ಲಾರ್ಡ್ ಪುಸ್ತಕದಲ್ಲಿ ಕ್ಯಾಪ್ಟನ್ ಸ್ಮಿತ್‌ಗೆ ಎಷ್ಟು ಜಾಗವೋ ಈ ಭಟ್ಟನಿಗೂ ಹೆಚ್ಚುಕಡಿಮೆ ಅಷ್ಟೇ ಮರ್ಯಾದೆ. ಪುಸ್ತಕ ಬಂದ ಮೇಲೆ, ಆಗ ನ್ಯೂಜೆರ್ಸಿಯಲ್ಲಿ ನೆಲೆಸಿದ್ದ ಜಾಕಿನ್ ಲಾರ್ಡ್‌ಗೆ ಪತ್ರ ಬರೆದರು. ಮರುವರ್ಷ ತೀರಿಕೊಂಡರು.

ಕಾದಂಬರಿಯಂತೆ ಓದಿ ಮರೆಯಬೇಕೇ ಎಂದು ಕೇಳಿದ್ದೀರಿ. ಮರೆಯಲಾಗದ ಒಂದು ಲೆಕ್ಕ ಆ ಪುಸ್ತಕದೊಳಗಿದೆ. ಹೆಂಗಸರು ಮಕ್ಕಳು ಮೊದಲು ಎಂಬ ಧರ್ಮವನ್ನು ಆ ರಾತ್ರಿ ಎತ್ತಿಹಿಡಿದರು ಎಂದು ಪತ್ರಿಕೆಗಳು 1912ರಲ್ಲಿ ಕೊಂಡಾಡಿದ್ದವು. ಲಾರ್ಡ್ ಅಂಕಿಗಳನ್ನು ದರ್ಜೆವಾರು ಮುಂದಿಟ್ಟರು. ಮೊದಲ ದರ್ಜೆಯ 143 ಹೆಂಗಸರಲ್ಲಿ ಸತ್ತವರು 4. ಎರಡನೆಯ ದರ್ಜೆಯ 93ರಲ್ಲಿ 15. ಮೂರನೆಯ ದರ್ಜೆಯ 179ರಲ್ಲಿ 81. ಮೊದಲ ಎರಡು ದರ್ಜೆಗಳ ಮಕ್ಕಳಲ್ಲಿ ಒಂದೇ ಒಂದು ಹೆಣ್ಣುಮಗು ಬಿಟ್ಟರೆ ಎಲ್ಲರೂ ಉಳಿದರು. ಮೂರನೆಯ ದರ್ಜೆಯ 76 ಮಕ್ಕಳಲ್ಲಿ ಉಳಿದದ್ದು 23. ಮೇಲಕ್ಕೆ ಬರುವ ದಾರಿ ತೋರಿಸುವವರಿರಲಿಲ್ಲ, ಕೆಲವು ಕಡೆ ಗೇಟುಗಳು ಮುಚ್ಚಿದ್ದವು, ಕೆಳಗಿನವರ ಬಗ್ಗೆ ವಿಚಾರಣೆಯಲ್ಲಿ ಕೇಳುವವರೂ ಕಡಿಮೆಯಾಗಿದ್ದರು. ಹಡಗಿನಲ್ಲಿದ್ದವರು ಸುಮಾರು 2,200 ಜನ, 20 ದೋಣಿಗಳಲ್ಲಿದ್ದ ಜಾಗ 1,178 ಜನಕ್ಕೆ, ಉಳಿದವರು ಏಳುನೂರರ ಆಸುಪಾಸು. ಜಾಗದ ಕೊರತೆಯ ಜೊತೆಗೆ ದರ್ಜೆಯ ಲೆಕ್ಕವೂ ಸೇರಿಕೊಂಡಿತ್ತು ಎಂಬುದನ್ನು ಸಾಮಾನ್ಯ ಓದುಗರ ಮುಂದೆ ಬಿಡಿಸಿಟ್ಟದ್ದು ಈ ಜನಪ್ರಿಯ ಪುಸ್ತಕ. ಪುಸ್ತಕದ ಕೊನೆಯಲ್ಲಿ ಪ್ರಯಾಣಿಕರ ಪಟ್ಟಿಯನ್ನೂ ಕೊಟ್ಟಿದ್ದಾರೆ. ಬದುಕಿದವರ ಹೆಸರುಗಳು ಬೇರೆ ಅಚ್ಚಿನಲ್ಲಿವೆ.

ಪುಸ್ತಕ ಹೇಗೆ ಓಡಿತೆಂದರೆ, ಎರಡು ತಿಂಗಳಲ್ಲಿ ಸುಮಾರು 60,000 ಪ್ರತಿ ಖರ್ಚಾದವು. 1956ರ ಮಾರ್ಚ್ 28ರಂದು ಕ್ರಾಫ್ಟ್ ಟೆಲಿವಿಷನ್ ಥಿಯೇಟರ್ ಎಂಬ ಕಾರ್ಯಕ್ರಮ ಇದನ್ನು ಸ್ಟುಡಿಯೋದಿಂದ ನೇರಪ್ರಸಾರದ ನಾಟಕವಾಗಿ ತೋರಿಸಿತು. 2 ಕೋಟಿ 80 ಲಕ್ಷ ಜನ ನೋಡಿದರೆಂದು ಅಂದಾಜು. ಲಾರ್ಡ್ ನೌಕರಿ ಬಿಟ್ಟು ಪೂರ್ಣಾವಧಿ ಬರಹಗಾರರಾದರು. 1958ರಲ್ಲಿ ಬ್ರಿಟನ್ನಿನಲ್ಲಿ ಅದೇ ಹೆಸರಿನ ಸಿನಿಮಾ ಬಂತು. ನಿರ್ಮಾಪಕ ವಿಲಿಯಂ ಮ್ಯಾಕ್‌ಕ್ವಿಟಿ ಬೆಲ್‌ಫಾಸ್ಟ್‌ನವರು. 1911ರ ಮೇ 31ರಂದು ಟೈಟಾನಿಕ್ ನೀರಿಗಿಳಿದದ್ದನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವರು. ಹಡಗಿನ ಫೋರ್ತ್ ಆಫೀಸರ್ ಆಗಿದ್ದ ಜೋಸೆಫ್ ಬಾಕ್ಸ್‌ಹಾಲ್ ಸಿನಿಮಾಕ್ಕೆ ಸಲಹೆಗಾರರು. ಪುಸ್ತಕ ಬರೆದಿದ್ದ ಮೇಷ್ಟರು ಬೀಸ್ಲಿ ಚಿತ್ರೀಕರಣ ನೋಡಲು ಬಂದವರು, ಮುಳುಗುವ ದೃಶ್ಯದಲ್ಲಿ ನಟರ ನಡುವೆ ಸೇರಿಕೊಂಡು ಈ ಸಲವಾದರೂ ಹಡಗಿನೊಂದಿಗೆ ಹೋಗಲು ನೋಡಿದರಂತೆ. ನಟರ ಸಂಘದ ನಿಯಮ ಒಪ್ಪುವುದಿಲ್ಲವೆಂದು ನಿರ್ದೇಶಕ ರಾಯ್ ವಾರ್ಡ್ ಬೇಕರ್ ಅವರನ್ನು ಕೆಳಗಿಳಿಸಿದರಂತೆ.

ಆ ಸಿನಿಮಾ ಒಂದು ಹಳೆಯ ಜಗಳವನ್ನೂ ಎಬ್ಬಿಸಿತು. ಟೈಟಾನಿಕ್ ಮುಳುಗುವಾಗ ಸ್ವಲ್ಪ ದೂರದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಸರಕು ಹಡಗು ಮಂಜುಗಡ್ಡೆಗಳ ನಡುವೆ ನಿಂತಿತ್ತು. ಅದರ ವೈರ್‌ಲೆಸ್ ನೌಕರ ಕೆಲಸ ಮುಗಿಸಿ ಮಲಗಿದ್ದ. ಕಾವಲಿನಲ್ಲಿದ್ದವರು ಆಕಾಶದಲ್ಲಿ ಎಂಟು ರಾಕೆಟ್ ಕಂಡು ಕ್ಯಾಪ್ಟನ್‌ಗೆ ತಿಳಿಸಿದರು. ಹಡಗು ಮಾತ್ರ ಕದಲಲಿಲ್ಲ. ಆ ಕ್ಯಾಪ್ಟನ್ ಹೆಸರು ಸ್ಟ್ಯಾನ್ಲಿ ಲಾರ್ಡ್. ನಮ್ಮ ಲೇಖಕರಿಗೆ ಸಂಬಂಧಿಯಲ್ಲ. ಎರಡೂ ವಿಚಾರಣೆಗಳು ಅವರನ್ನೇ ದೂರಿದ್ದವು. ಪುಸ್ತಕವೂ ಸಿನಿಮಾವೂ ಅದೇ ದಾರಿ ಹಿಡಿದವು. ಆಗ ಮುಪ್ಪಿನಲ್ಲಿದ್ದ ಕ್ಯಾಪ್ಟನ್ ತಮ್ಮ ಹೆಸರು ತೊಳೆಯಬೇಕೆಂದು ಲಿವರ್‌ಪೂಲ್‌ನ ಹಡಗು ಅಧಿಕಾರಿಗಳ ಸಂಘದ ಬಾಗಿಲು ತಟ್ಟಿದರು. ಸಂಘದ ಲೆಸ್ಲಿ ಹ್ಯಾರಿಸನ್ ದಶಕಗಟ್ಟಲೆ ಅವರ ಪರ ವಾದಿಸಿದರು. ವಾಲ್ಟರ್ ಲಾರ್ಡ್ ಮಾತ್ರ ಕೊನೆಯವರೆಗೂ ಒಂದೇ ಪ್ರಶ್ನೆಗೆ ಅಂಟಿಕೊಂಡರು: ಎರಡು ಹಡಗುಗಳ ನಡುವೆ ಎಷ್ಟು ಮೈಲಿ ಎಂಬ ಲೆಕ್ಕ ಹೇಗಾದರೂ ಇರಲಿ, ರಾಕೆಟ್ ಕಂಡ ಮೇಲೆ ವೈರ್‌ಲೆಸ್‌ನವನನ್ನು ಯಾಕೆ ಎಬ್ಬಿಸಲಿಲ್ಲ? 1992ರಲ್ಲಿ ಬ್ರಿಟಿಷ್ ಸರ್ಕಾರದ ಮರುಪರಿಶೀಲನೆ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ. ರಾಕೆಟ್‌ಗಳು ಕಂಡಿದ್ದವು, ಮಾಡಬೇಕಾದ್ದನ್ನು ಮಾಡಲಿಲ್ಲ. ಹಡಗು ಹೊರಟಿದ್ದರೂ ಸಕಾಲಕ್ಕೆ ತಲುಪುತ್ತಿರಲಿಲ್ಲ ಎಂದೂ ಆ ವರದಿ ಸೇರಿಸಿತು. ಎರಡು ಕಡೆಯವರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿತು ಎನ್ನಬಹುದು.

ಇನ್ನು ಲಾರ್ಡ್ ಎಡವಿದ್ದು ಎಲ್ಲಿ? ‘ಎ ನೈಟ್ ಟು ರಿಮೆಂಬರ್’ನಲ್ಲಿ ಹಡಗು ಇಡಿಯಾಗಿ ನೆಟ್ಟಗೆ ನಿಂತು ಮುಳುಗುತ್ತದೆ. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬಾಲಾರ್ಡ್ ಮತ್ತು ಫ್ರಾನ್ಸಿನ ಝಾಂ ಲೂಯಿ ಮಿಶೆಲ್ ಅವರ ತಂಡಕ್ಕೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಾಗ, ಅದು ಎರಡು ತುಂಡಾಗಿ ಬಿದ್ದಿತ್ತು. ಹಾಗಂತ ಹೇಳಿದ ಸಾಕ್ಷಿಗಳು 1912ರಲ್ಲೇ ಇದ್ದರು. ಹದಿನೇಳು ವರ್ಷದ ಜ್ಯಾಕ್ ಥೇಯರ್ ಹಡಗು ಮುರಿದದ್ದನ್ನು ಕಂಡೆನೆಂದು ಹೇಳಿದ್ದ, ಅವನು ಹೇಳಿದಂತೆ ಚಿತ್ರವನ್ನೂ ಬರೆಸಲಾಗಿತ್ತು. ಆದರೆ ಲೈಟಾಲರ್ ಮೊದಲಾದ ಅಧಿಕಾರಿಗಳು ಮುರಿಯಲಿಲ್ಲ ಎಂದರು, ಬ್ರಿಟಿಷ್ ವಿಚಾರಣೆ ಅಧಿಕಾರಿಗಳ ಮಾತನ್ನು ಎತ್ತಿಹಿಡಿಯಿತು, ಲಾರ್ಡ್ ವಿಚಾರಣೆಯ ಮಾತನ್ನು ಒಪ್ಪಿದರು. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಭಟ್ಟನನ್ನೂ ಕ್ಯಾಪ್ಟನ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಕಡೆಯಲ್ಲೆಲ್ಲ ಈ ಲೇಖಕ ಗೆದ್ದಿದ್ದಾರೆ. ಅಧಿಕಾರಿಯ ಮಾತಿಗೆ ಒಂದು ಗುಲಗಂಜಿ ತೂಕ ಹೆಚ್ಚು ಕೊಟ್ಟ ಕಡೆ ಸೋತಿದ್ದಾರೆ.

ಸೋತದ್ದನ್ನು ಮುಚ್ಚಿಡಲಿಲ್ಲ. 1986ರಲ್ಲಿ ‘ದ ನೈಟ್ ಲಿವ್ಸ್ ಆನ್’ ಎಂಬ ಎರಡನೆಯ ಪುಸ್ತಕ ಬರೆದು, ಮೂವತ್ತು ವರ್ಷದಲ್ಲಿ ಬದಲಾದ ತಿಳಿವಳಿಕೆಯನ್ನೆಲ್ಲ ಒಂದೊಂದಾಗಿ ತೆಗೆದುಕೊಂಡು ಚರ್ಚಿಸಿದರು. ಹಿಮಗಡ್ಡೆ ಹಡಗಿನ ಪಕ್ಕೆಯನ್ನು ಮುನ್ನೂರು ಅಡಿ ಉದ್ದಕ್ಕೆ ಸೀಳಿತು ಎಂಬ ನಂಬಿಕೆ ಬಹಳ ಕಾಲ ಇತ್ತು. ನೀರು ಒಳಬಂದ ವೇಗ ನೋಡಿದರೆ ಒಟ್ಟು ತೂತು 12 ಚದರ ಅಡಿಯಷ್ಟೇ ಇರಬೇಕೆಂದು ಹಾರ್ಲಂಡ್ ಅಂಡ್ ವುಲ್ಫ್‌ನ ಎಡ್ವರ್ಡ್ ವೈಲ್ಡಿಂಗ್ ವಿಚಾರಣೆಯಲ್ಲೇ ಲೆಕ್ಕ ಕೊಟ್ಟಿದ್ದರು. ಬ್ಯಾಂಡಿನವರು ಕೊನೆಗೆ ನುಡಿಸಿದ್ದೇನು ಎಂಬುದು ಇನ್ನೊಂದು ಗೋಜಲು. ವೈರ್‌ಲೆಸ್ ನೌಕರ ಹೆರಾಲ್ಡ್ ಬ್ರೈಡ್ ‘ಆಟಮ್’ ಎಂದು ಹೇಳಿದ್ದನ್ನು ಮೊದಲ ಪುಸ್ತಕದಲ್ಲಿ ಪ್ರಾರ್ಥನಾಗೀತೆ ಎಂದು ತೆಗೆದುಕೊಂಡಿದ್ದ ಲಾರ್ಡ್, ಅದು ಆ ಕಾಲದಲ್ಲಿ ಜನಪ್ರಿಯವಾಗಿದ್ದ ‘ಸಾಂಜ್ ದೋಟಾನ್’ ಎಂಬ ವಾಲ್ಟ್ಸ್ ಇರಬಹುದೆಂದು ಎರಡನೆಯದರಲ್ಲಿ ವಾದಿಸಿದರು. ತಮ್ಮ ಅತ್ಯಂತ ಜನಪ್ರಿಯ ಪುಸ್ತಕವನ್ನು ತಾವೇ ತಿದ್ದಲು ಕೂತ ಲೇಖಕರು ಎಲ್ಲ ದೇಶದಲ್ಲೂ ಕಡಿಮೆ.

ಟೈಟಾನಿಕ್ ಒಂದರಲ್ಲೇ ಅವರು ನಿಲ್ಲಲಿಲ್ಲ. 1957ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಬಗ್ಗೆ ‘ಡೇ ಆಫ್ ಇನ್ಫಮಿ’ ಬರೆದರು. ಇಲ್ಲಿಯೂ ಒಂದೇ ದಿನ, ನೂರಾರು ಸಾಕ್ಷಿಗಳು. 1967ರ ‘ಇನ್‌ಕ್ರೆಡಿಬಲ್ ವಿಕ್ಟರಿ’ ಮಿಡ್‌ವೇ ಸಮರದ್ದು. ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡ 1942ರ ಜೂನ್ ತಿಂಗಳ ಕಥೆ. ಅದಕ್ಕಾಗಿ ಜಪಾನಿನ ಕಡೆಯವರನ್ನೂ ಮಾತಾಡಿಸಿದರು. 1972ರಲ್ಲಿ ತಮ್ಮ ಹುಟ್ಟೂರು ಬಾಲ್ಟಿಮೋರ್ ಮೇಲೆ 1814ರಲ್ಲಿ ಬ್ರಿಟಿಷ್ ನೌಕಾಪಡೆ ನಡೆಸಿದ ದಾಳಿಯ ಕಥೆ ಬಂತು. 1977ರ ‘ಲೋನ್ಲಿ ವಿಜಿಲ್’ ಸಾಲೊಮನ್ ದ್ವೀಪಗಳ ಕಾಡಿನಲ್ಲಿ ಅಡಗಿ ಕೂತು ಜಪಾನಿ ಹಡಗು, ವಿಮಾನಗಳ ಸುದ್ದಿಯನ್ನು ರೇಡಿಯೋದಲ್ಲಿ ಕಳಿಸುತ್ತಿದ್ದ ತೀರಗಾವಲಿನವರದ್ದು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ 1943ರಲ್ಲಿ ದೋಣಿ ಒಡೆದು ದ್ವೀಪವೊಂದರಲ್ಲಿ ಸಿಕ್ಕಿಕೊಂಡಿದ್ದಾಗ ಉಳಿಸಿದ್ದು ಇಂಥ ಒಬ್ಬ ಕಾವಲುಗಾರ, ರೆಗ್ ಇವಾನ್ಸ್, ಮತ್ತು ಅವರ ಜೊತೆಗಿದ್ದ ದ್ವೀಪದ ಜನ. ನೆಲದ ಕಥೆಗಳನ್ನೂ ಅವರು ಬರೆದರು. ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ 1962ರಲ್ಲಿ ಸೇರಲು ಬಂದಾಗ ಎದ್ದ ಗಲಭೆಯ ಪುಸ್ತಕ ಅವುಗಳಲ್ಲೊಂದು.

1982ರಲ್ಲಿ ಬಂದ ‘ದ ಮಿರಾಕಲ್ ಆಫ್ ಡನ್‌ಕರ್ಕ್’ ಅವರ ಸಮುದ್ರ ಪುಸ್ತಕಗಳಲ್ಲಿ ಟೈಟಾನಿಕ್ ಆದ ಮೇಲೆ ನಾನು ಮೊದಲು ಹೆಸರಿಸುವಂಥದ್ದು. 1940ರ ಮೇ 26ರಿಂದ ಜೂನ್ 4ರವರೆಗೆ ಫ್ರಾನ್ಸಿನ ಡನ್‌ಕರ್ಕ್ ತೀರದಿಂದ 3,38,226 ಸೈನಿಕರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಮೀನುಗಾರಿಕೆಯ ದೋಣಿ, ವಿಹಾರದ ದೋಣಿಗಳು ಸೈನ್ಯವನ್ನು ಉಳಿಸಿದವು ಎಂಬುದು ಜನಪ್ರಿಯ ನಂಬಿಕೆ. ನಿಜವಾಗಿ ಮೂರರಲ್ಲಿ ಎರಡು ಪಾಲು ಜನ ಹತ್ತಿದ್ದು ಬಂದರಿನ ಕಡೆಯಿಂದ, ಅದರಲ್ಲೂ ಅಲೆತಡೆಗೋಡೆಯಿಂದ. ಹಡಗು ತಾಗಿಸಲೆಂದು ಕಟ್ಟಿದ್ದೇ ಅಲ್ಲದ ಆ ಗೋಡೆಗೆ ಹಡಗುಗಳನ್ನು ತಾಗಿಸಬಹುದೆಂದು ಹೊಳೆದದ್ದು ಕ್ಯಾಪ್ಟನ್ ವಿಲಿಯಂ ಟೆನಂಟ್‌ಗೆ. ಸಣ್ಣ ದೋಣಿಗಳ ಪಾತ್ರವೂ ಸುಳ್ಳಲ್ಲ. ಟೈಟಾನಿಕ್‌ನಿಂದ ಬದುಕಿ ಬಂದ ಅದೇ ಲೈಟಾಲರ್ ಅರವತ್ತಾರರ ವಯಸ್ಸಿನಲ್ಲಿ ತಮ್ಮ ‘ಸನ್‌ಡೌನರ್’ ಎಂಬ ಮೋಟರು ದೋಣಿಯನ್ನು ಮಗನ ಜೊತೆ ಡನ್‌ಕರ್ಕ್‌ಗೆ ನಡೆಸಿ ಸುಮಾರು 130 ಜನರನ್ನು ತುಂಬಿಕೊಂಡು ಬಂದರು.

ಅವರ ಕಾಲದಲ್ಲೇ ಇನ್ನೊಂದು ಬಗೆಯ ಸಮುದ್ರ ಇತಿಹಾಸಕಾರರಿದ್ದರು. ಹಾರ್ವರ್ಡ್‌ನ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್ ನೌಕಾಪಡೆಯ ಹುದ್ದೆ ಪಡೆದು, ಯುದ್ಧನೌಕೆಗಳಲ್ಲೇ ಓಡಾಡಿ, ಎರಡನೆಯ ಮಹಾಯುದ್ಧದ ಅಮೆರಿಕನ್ ನೌಕಾ ಇತಿಹಾಸವನ್ನು 15 ಸಂಪುಟಗಳಲ್ಲಿ ಬರೆದರು. ಒಂದು ಆದೇಶ ಯಾಕೆ ಹೊರಟಿತು, ಯಾವ ಪಡೆ ಎಲ್ಲಿತ್ತು ಎಂದು ನೋಡಲು ಮಾರಿಸನ್ ಬೇಕು. ಆ ಆದೇಶ ಬಂದಾಗ ಎಂಜಿನ್ ಕೋಣೆಯಲ್ಲಿದ್ದವನಿಗೆ ಏನಾಯಿತು ಎಂದು ತಿಳಿಯಲು ಲಾರ್ಡ್ ಬೇಕು. ಲಾರ್ಡ್ ಪುಸ್ತಕಗಳಲ್ಲಿ ಕಾರಣಗಳ ಚರ್ಚೆ ತೆಳು, ಪುಟದಡಿಯ ಟಿಪ್ಪಣಿಗಳಿಲ್ಲ. ಯಾವ ಸಂಗತಿ ಯಾರು ಹೇಳಿದ್ದೆಂದು ಪತ್ತೆ ಮಾಡುವುದು ಕಷ್ಟ. ಈ ದೂರು ನ್ಯಾಯವಾದದ್ದೇ. ಆದರೂ ಅಮೆರಿಕದ ಇತಿಹಾಸಕಾರರ ಸಂಘ 1994ರಲ್ಲಿ ಫ್ರಾನ್ಸಿಸ್ ಪಾರ್ಕ್‌ಮನ್ ಹೆಸರಿನ ವಿಶೇಷ ಗೌರವವನ್ನು ಅವರಿಗೆ ಕೊಟ್ಟಿತು. ಕಸುಬುದಾರರ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕಿದಂತಾಯಿತು.

ಮದುವೆಯಾಗದೆ ನ್ಯೂಯಾರ್ಕಿನಲ್ಲೇ ಬದುಕಿದ ಲಾರ್ಡ್‌ಗೆ ಕೊನೆಯ ವರ್ಷಗಳಲ್ಲಿ ಪಾರ್ಕಿನ್‌ಸನ್ ಕಾಯಿಲೆ ಕಾಡಿತು. ಜೇಮ್ಸ್ ಕ್ಯಾಮರೂನ್ 1997ರಲ್ಲಿ ಮಾಡಿದ, ನಮ್ಮೂರ ಟಾಕೀಸುಗಳಲ್ಲೂ ಓಡಿದ ‘ಟೈಟಾನಿಕ್’ ಸಿನಿಮಾಕ್ಕೆ ಅವರು ಸಲಹೆಗಾರರಾಗಿದ್ದರು. 2002ರ ಮೇ 19ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿ ಉಳಿದವರು ಬರೆದ ಪತ್ರಗಳು, ಟಿಪ್ಪಣಿಗಳು, ಸಂಗ್ರಹಿಸಿದ ವಸ್ತುಗಳನ್ನೆಲ್ಲ ಲಂಡನ್ನಿನ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಬಿಟ್ಟುಹೋದರು. ಪುಟದಡಿಯ ಟಿಪ್ಪಣಿ ಇಲ್ಲವೆಂಬ ದೂರಿಗೆ ಅದೂ ಒಂದು ಉತ್ತರ: ಅನುಮಾನವಿದ್ದವರು ಹೋಗಿ ಮೂಲ ಕಾಗದವನ್ನೇ ನೋಡಬಹುದು.

ಈಗ ನಿಮ್ಮ ಮಂಜಿಯ ವಿಷಯ. ಲಾರ್ಡ್ ಮಾಡಿದ್ದನ್ನು ನೀವೂ ಮಾಡಬಹುದು, ಅದಕ್ಕೆ ಪ್ರಾಧ್ಯಾಪಕರ ಹುದ್ದೆ ಬೇಕಿಲ್ಲ. ಇಡೀ ಕರಾವಳಿಯ ಚರಿತ್ರೆಗೆ ಕೈಹಾಕಬೇಡಿ. ಒಂದು ಮಂಜಿ, ಒಂದು ಪಯಣ ಅಥವಾ ಒಂದು ಅವಘಡ ಹಿಡಿಯಿರಿ. ಅಜ್ಜ ತಾಂಡೇಲರಾಗಿದ್ದರೆಂದು ತಾಂಡೇಲರ ಮಾತನ್ನಷ್ಟೇ ಬರೆದುಕೊಳ್ಳಬೇಡಿ. ಹಾಯಿ ಎಳೆದ ಖಲಾಸಿ, ಅಡುಗೆ ಮಾಡಿದವನು, ದಕ್ಕೆಯಲ್ಲಿ ಹೆಂಚು ಹೊತ್ತವರು, ದಡದಲ್ಲಿ ಕಾದ ಹೆಂಗಸರು, ಎಲ್ಲರನ್ನೂ ಕೇಳಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ; ದೊಡ್ಡವರು ಹೇಳಿದ್ದೇ ನಿಜವೆಂದು ಒಂದನ್ನು ಅಳಿಸಬೇಡಿ. ಬಂದರು ಕಚೇರಿಯ ದಾಖಲೆ, ವ್ಯಾಪಾರಿಗಳ ಲೆಕ್ಕದ ಪುಸ್ತಕ ಸಿಕ್ಕಿದರೆ ತಾರೀಖು ಹೊಂದಿಸಿ ನೋಡಿ. ಕೇಳಿದ್ದನ್ನು, ಹೇಳಿದವರ ಹೆಸರು ದಿನಾಂಕ ಸಮೇತ ಬರೆದಿಡಿ. ಅದು ಲಾರ್ಡ್ ಬಿಟ್ಟ ಒಂದು ಕೊರತೆ, ಅದನ್ನು ನೀವು ತುಂಬಿಕೊಳ್ಳಬಹುದು.

ಓದುವುದಾದರೆ ಮೊದಲು ‘ಎ ನೈಟ್ ಟು ರಿಮೆಂಬರ್’, ಅದು ಮುಗಿದ ಕೂಡಲೇ ‘ದ ನೈಟ್ ಲಿವ್ಸ್ ಆನ್’. ಎರಡನ್ನೂ ಸೇರಿಸಿ ಒಂದೇ ಪುಸ್ತಕವೆಂದು ತಿಳಿಯಿರಿ. ಆದರೆ ಓದಿ ಮುಗಿಸಿ ಆಮೇಲೆ ಹೊರಡೋಣ ಎಂದು ಕೂರಬೇಡಿ. ಟೈಟಾನಿಕ್‌ನಿಂದ ಉಳಿದವರಲ್ಲಿ ಕೊನೆಯವರಾದ ಮಿಲ್ವಿನಾ ಡೀನ್ 2009ರ ಮೇ 31ರಂದು ತೀರಿಕೊಂಡರು. ಮಂಜಿಯಲ್ಲಿ ದುಡಿದವರು ನಿಮ್ಮೂರಿನಲ್ಲಿ ಇನ್ನೂ ಕೆಲವರಾದರೂ ಇದ್ದಾರು. ಈ ವಾರವೇ ಹೋಗಿ ಕೇಳಿ.